ಸಾರಿಗೆ ಹಾಕುವ ಬೀಜದಲ್ಲಿ ಬರ್ಫಿ

ಹಲಸಿನ ಬೀಜದಲ್ಲಿ ಬರ್ಫಿ ಮಾಡುತ್ತೇನೆ ಎಂದಾಗ ನಮ್ಮ ಅತ್ತೆ ನಗಲೂ ಇಲ್ಲ. "ಸಾರಿಗೆ ಹಾಕುವುದನ್ನು ಸಾರಿಗೆ ಹಾಕು" ಎಂದು ಹೇಳಿ ಕೊಟ್ಟಿಗೆಯ ಕಡೆ ನಡೆದರು. ಮಡಿಕೇರಿಯಲ್ಲಿ ನನ್ನಿಂದ ಉಪ್ಪಿನಕಾಯಿ ಕೊಳ್ಳುವ ಅಂಗಡಿಯವರಂತೂ ಡಬ್ಬದ ಮುಚ್ಚಳವನ್ನೇ ತೆಗೆಯಲಿಲ್ಲ. "ಅಕ್ಕಾ, ಎಲ್ಲರ ತೋಟದಲ್ಲೂ ಬಿದ್ದು ಕೊಳೆಯುವ ವಸ್ತುವಿಗೆ ದುಡ್ಡು ಯಾರು ಕೊಡುತ್ತಾರೆ?" ಎಂದರು. ಈಗ ಹಲಸಿನ ಕಾಲದಲ್ಲಿ ಅದೇ ಅಂಗಡಿಗೆ ವಾರಕ್ಕೆ ಎಂಟು-ಹತ್ತು ಕಿಲೋ ಹೋಗುತ್ತದೆ. ಅಲ್ಲಿಗೆ ಮುಟ್ಟಲು ಮೂರು ಮಳೆಗಾಲ ಬೇಕಾಯಿತು.

ಲೆಕ್ಕ ಶುರುವಾದದ್ದು ಗೋಡಂಬಿಯಿಂದ. ಕಿಲೋಗೆ ಸಾವಿರದ ಆಸುಪಾಸು ಕೊಟ್ಟು ಗೋಡಂಬಿ ತಂದು, ಅದರಷ್ಟೇ ಸಕ್ಕರೆ ಸುರಿದು ಬರ್ಫಿ ಮಾಡಿದರೆ ನನಗೆ ಉಳಿಯುತ್ತಿದ್ದದ್ದು ಕೈನೋವು ಮಾತ್ರ. ಗೋಡಂಬಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬು. ಹಲಸಿನ ಬೀಜದಲ್ಲಿ ಕೊಬ್ಬು ಇಲ್ಲವೆಂದರೂ ನಡೆಯುತ್ತದೆ, ನಾರು ಇದೆ. ಬೆಲೆಯಂತೂ ಇಲ್ಲ, ಕಾಫಿ ತೋಟದಲ್ಲಿ ನೆರಳಿಗೆಂದು ಬಿಟ್ಟ ಮರಗಳ ಹಣ್ಣನ್ನು ಆನೆ ತಿಂದು ಉಳಿದದ್ದು ನಮಗೆ.

ಮೊದಲ ವರ್ಷ ಬೀಜವನ್ನು ಹಿಟ್ಟು ಮಾಡಲು ಹೊರಟೆ. ಜುಲೈ ತಿಂಗಳ ಕೊಡಗಿನಲ್ಲಿ ಬಿಸಿಲನ್ನು ನಂಬಿದ್ದು ನನ್ನ ತಪ್ಪು. ಹೆಚ್ಚಿದ ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಒಣಗಿಸಿ ಮಿಲ್ಲಿನಲ್ಲಿ ಬೀಸಿಸಿದೆ. ಬರ್ಫಿ ಚೆನ್ನಾಗಿಯೇ ಗಟ್ಟಿಯಾಯಿತು, ಆದರೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ವಾಸನೆ! ನಾಯಿ ಮಾತ್ರ ಬಾಲ ಅಲ್ಲಾಡಿಸಿತು.

ಆಮೇಲೆ ಬೇಯಿಸಿ ರುಬ್ಬುವ ದಾರಿ ಹಿಡಿದೆ. ಇಲ್ಲಿ ಒಂದಲ್ಲ, ಮೂರು ಕಡೆ ಎಡವಿದೆ. ಒಂದು ಸಲ ಕಂದು ಸಿಪ್ಪೆಯನ್ನು ಸೋಮಾರಿತನದಿಂದ ಹಾಗೆಯೇ ಬಿಟ್ಟೆ. ಬಣ್ಣ ಸಿಮೆಂಟಿನಂತಾಗಿ ನಾಲಿಗೆಗೆ ಒಗರು ಅಂಟಿತು. ಇನ್ನೊಮ್ಮೆ ಕುದಿಯುವ ಹಾಲಿಗೆ ಬೆಲ್ಲ ಹಾಕಿದೆ. ಹಾಲು ಒಡೆಯುತ್ತದೆಂದು ಪಾಯಸ ಮಾಡುವ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು, ಆದರೂ ಹಾಕಿದೆ. ಎರಡು ಲೀಟರ್ ಹಾಲು ಹೋಯಿತು. ಮೂರನೆಯದು ಕರೆಂಟಿನ ಕಾಟ. ಬೆಂದ ಬೀಜವನ್ನು ಬಿಸಿಯಿರುವಾಗಲೇ ರುಬ್ಬಬೇಕು. ಕರೆಂಟು ಬರುವವರೆಗೆ ಕಾದು ತಣ್ಣಗಾದದ್ದನ್ನು ರುಬ್ಬಿದರೆ ಎಷ್ಟು ತಿರುಗಿಸಿದರೂ ರವೆ ರವೆ. ಈಗ ಮಿಕ್ಸಿಯ ದೀಪ ಉರಿಯುವುದನ್ನು ಕಂಡ ಮೇಲೆಯೇ ಕುಕ್ಕರ್ ಇಡುತ್ತೇನೆ. ಅಷ್ಟು ಹೊತ್ತಿಗೆ ಬೆಲ್ಲ, ತುಪ್ಪ, ಗ್ಯಾಸ್ ಸೇರಿ ಮೂರೂವರೆ ಸಾವಿರ ಕರಗಿತ್ತು. ಮನೆಯವರಿಗೆ ಎರಡು ಸಾವಿರ ಎಂದೇ ಹೇಳಿದ್ದೆ.

ದೊಡ್ಡ ತಲೆನೋವು ಅಂಟು. ಬೀಜವೆಂದರೆ ಪಿಷ್ಟ. ಗೋಡಂಬಿಯ ಜಿಡ್ಡು ತುಂಡಿಗೆ ಕೊಡುವ ಕತ್ತರಿಸಿದಂಥ ಅಂಚು ಇದರಲ್ಲಿ ಬರುವುದಿಲ್ಲ. ಚಾಕುವಿಗೆ ಪೋಸ್ಟರ್ ಅಂಟಿಸುವ ಗಂಜಿಯ ಹಾಗೆ ಹತ್ತಿಕೊಳ್ಳುತ್ತಿತ್ತು. ತುಪ್ಪ ಸುರಿದರೆ ಸರಿಹೋಗುತ್ತದೆ, ಆದರೆ ಅಗ್ಗವೂ ಅಲ್ಲ, ಹಗುರವೂ ಅಲ್ಲ. ಕೊನೆಗೆ ಕೈ ಹಿಡಿದದ್ದು ಒಣ ಕೊಬ್ಬರಿ. ಒಂದು ಕಿಲೋ ರುಬ್ಬಿದ ಬೀಜಕ್ಕೆ ಎರಡು ಹಿಡಿಯಷ್ಟು ನುಣ್ಣಗಿನ ಕೊಬ್ಬರಿ ಪುಡಿ, ಅರ್ಧ ಕಿಲೋಗೆ ಸ್ವಲ್ಪ ಮೇಲೆ ಬೆಲ್ಲ, ನೂರೈವತ್ತು ಗ್ರಾಂ ತುಪ್ಪ. ಮೊದಲು ಬೀಜದ ಹಸಿವಾಸನೆ ಹೋಗುವ ತನಕ ತುಪ್ಪದಲ್ಲಿ ಬಾಡಿಸುವುದು, ಆಮೇಲೆ ಸೋಸಿದ ಎಳೆ ಪಾಕ, ಕೊನೆಗೆ ಕೊಬ್ಬರಿ, ಏಲಕ್ಕಿ. ಬಾಣಲೆಯ ನಡುವೆ ಸೌಟು ಎಳೆದಾಗ ತಳ ಕಂಡು, ಆ ದಾರಿ ಮೆಲ್ಲಗೆ ಮುಚ್ಚಿಕೊಳ್ಳಬೇಕು. ತಟ್ಟನೆ ಮುಚ್ಚಿದರೆ ಇನ್ನೂ ಐದು ನಿಮಿಷ. ಮುಚ್ಚದೇ ಹೋದರೆ ಉಂಡೆ ಕಟ್ಟಿ ಮಕ್ಕಳಿಗೆ ಕೊಡಿ.

ಹಲಸಿನ ಬೀಜ ತಿಂದರೆ ಹೊಟ್ಟೆ ಉಬ್ಬರಿಸುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬೇಯಿಸುವ ನೀರಿಗೆ ಎರಡು ವಸ್ತು ಹಾಕುತ್ತೇನೆ. ಒಂದು ಶುಂಠಿ. ಇನ್ನೊಂದನ್ನು ಹೇಳುವುದಿಲ್ಲ, ಅದಕ್ಕಾಗಿ ನಾನು ಕಳೆದದ್ದು ಒಂದು ಇಡೀ ಮಳೆಗಾಲ.

ಖರ್ಚಿನಲ್ಲಿ ಅರ್ಧಕ್ಕರ್ಧ ಸಿಪ್ಪೆ ಬಿಡಿಸುವ ಕೂಲಿ. ಬೀಜವನ್ನು ಒಂದು ದಿನ ನೆರಳಲ್ಲಿ ಆರಿಸಿದರೆ ಬಿಳಿ ಸಿಪ್ಪೆ ಉಗುರಿಗೇ ಬರುತ್ತದೆ. ಕಂದು ಸಿಪ್ಪೆಗೆ ಪಕ್ಕದ ಮನೆಯ ಚಿಕ್ಕಮ್ಮ ಹಳೆಯ ಗೋಣಿತಾಟಿನ ಉಪಾಯ ತೋರಿಸಿದರು: ಬಿಳಿ ಸಿಪ್ಪೆ ತೆಗೆದ ಬೀಜವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಲ್ಲಿನ ಮೇಲೆ ಬಟ್ಟೆ ಉಜ್ಜಿದಂತೆ ಉಜ್ಜುವುದು. ಮೂರು ಗಂಟೆಯ ಕೆಲಸ ಒಂದಕ್ಕೆ ಇಳಿಯಿತು. ಎಲ್ಲ ಸೇರಿ ಕಿಲೋಗೆ ನೂರೆಂಬತ್ತು, ನೂರತೊಂಬತ್ತು ಬೀಳುತ್ತದೆ. ಮುನ್ನೂರ ಅರವತ್ತಕ್ಕೆ ಕೊಡುತ್ತೇನೆ. ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ ಆಗ ನಾನು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಬೆಲ್ಲ ಹಾಕಿದ್ದೀರಲ್ಲ, ಸಕ್ಕರೆ ಕಾಯಿಲೆಯವರು ತಿನ್ನಬಹುದೇ ಎಂದು ಕೇಳಿದವರಿಗೆ ಬೇಡ ಎಂದೇ ಹೇಳುತ್ತೇನೆ, ಬೆಲ್ಲವೂ ಸಕ್ಕರೆಯೇ.

ನಡುವೆ ಹುಚ್ಚಾಟಗಳೂ ನಡೆದವು. ಪಾಕಕ್ಕೆ ನಾಲ್ಕು ಹನಿ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಬಿಟ್ಟೆ. ಬೆಲ್ಲ ಹರಳುಗಟ್ಟಲಿಲ್ಲ, ಆದರೆ ಬರ್ಫಿ ಕಪ್ಪಗಾಗಿ, ಅದೇ ಹುಳಿ ಹಾಕುವ ಹಂದಿಮಾಂಸದ ಪಂದಿಕರಿಯ ನೆನಪು ತಂದಿತು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಆ ದಿನ ಔಷಧಿಯೆಂದು ತಿನ್ನುವ ಮದ್ದು ಸೊಪ್ಪು ಕುದಿಸಿದ ನೀರಲ್ಲಿ ಬೀಜ ರುಬ್ಬಿದೆ. ನೇರಳೆ ಬಣ್ಣ ಅದ್ಭುತವಾಗಿ ಬಂತು. ಹೋಂಸ್ಟೇಯಲ್ಲಿದ್ದ ಬೆಂಗಳೂರಿನವರು ಅರ್ಧ ಕಿಲೋ ತಿಂದು, ಮರುದಿನ ಮೂತ್ರ ಕೆಂಪಾಗಿದೆ ಎಂದು ಗಾಬರಿಯಿಂದ ಫೋನ್ ಮಾಡಿದರು. ನಮ್ಮೂರಿನಲ್ಲಿ ಅದು ಮದ್ದು ಮೈಗೆ ಹಿಡಿದ ಗುರುತು. ಅವರಿಗೆ ಅದನ್ನು ತಿಳಿಹೇಳಲು ಹದಿನೈದು ನಿಮಿಷ ಬೇಕಾಯಿತು. ಹೆಚ್ಚು ಮಾರಾಟವಾಗುವುದು ಗಟ್ಟಿ ಕಾಫಿ ಡಿಕಾಕ್ಷನ್ ಹಾಕಿದ್ದು. ನನಗೆ ಅದು ಇಷ್ಟವಿಲ್ಲ, ಆದರೂ ಮಾಡುತ್ತೇನೆ.

ಮಳೆಗಾಲದ ತೇವಕ್ಕೆ ಐದನೆಯ ದಿನ ಬೂಷ್ಟು ಬರುತ್ತದೆ. ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ, ಸ್ವಲ್ಪ ಸ್ವಲ್ಪವೇ ಮಾಡಿ ಬೇಗ ಸಾಗಿಸುತ್ತೇನೆ. ದೀಪಾವಳಿಗೆಂದು ಈ ವರ್ಷ ನಲವತ್ತು ಕಿಲೋ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಬಿದಿರಿನ ಬುಟ್ಟಿಯಲ್ಲಿ ಇಟ್ಟಿದ್ದೇನೆ, ಹಿಂದಿನವರು ಇಡುತ್ತಿದ್ದ ಹಾಗೆ. ಮಣ್ಣು ಎಷ್ಟು ಒಣಗಿರಬೇಕೆಂದು ತೋರಿಸಿಕೊಟ್ಟವರು ಅತ್ತೆ. ಮೊನ್ನೆ ತೆರೆದು ನೋಡಿದರೆ ಏಳೆಂಟು ಮೊಳಕೆ ಒಡೆದಿದ್ದವು. ಅವನ್ನು ಆರಿಸಿ ಅವರೇ ಸಾರಿಗೆ ಹಾಕಿದರು.