ಡೆಸ್ಕಾನ್ಸೋ ತೋಟದ ಕ್ಯಾಮೆಲಿಯಾ: ಯಾವಾಗ ಹೋಗಬೇಕು, ಹೇಗೆ ನೋಡಬೇಕು

ಒಂದೇ ಸಲ ಹೋಗಲು ಆಗುವುದಾದರೆ ಜನವರಿ ಕೊನೆಗೋ ಫೆಬ್ರವರಿಯ ಮೊದಲ ಎರಡು ವಾರದಲ್ಲೋ ಹೋಗಿ. ಎರಡು ಸಲ ಆಗುತ್ತದೆ ಅಂದರೆ ನವೆಂಬರ್‌ನಲ್ಲೂ ಒಮ್ಮೆ ಹೋಗಿ ಬನ್ನಿ. ಲಾಸ್ ಏಂಜಲಿಸ್‌ನ ಉತ್ತರಕ್ಕೆ, ಲಾ ಕನ್ಯಾಡಾ ಫ್ಲಿಂಟ್ರಿಡ್ಜ್ ಎಂಬ ಊರಲ್ಲಿರುವ ಡೆಸ್ಕಾನ್ಸೋ ತೋಟದ ಬಗ್ಗೆ ಹೇಳುತ್ತಿದ್ದೇನೆ. ಚಳಿಗಾಲದಲ್ಲಿ ತೋಟಕ್ಕೆ ಹೋಗಿ ಏನು ನೋಡುವುದು ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಇದೇ ಜಾಗ, ಇಲ್ಲಿನ ಕ್ಯಾಮೆಲಿಯಾ ಹೂವು.

ತುಂಬಾ ಜನ ಏನು ಮಾಡುತ್ತಾರೆ ಅಂದರೆ, ಒಳಗೆ ಹೋದ ತಕ್ಷಣ ಕಂಡ ಮೊದಲ ಕೆಂಪು ಹೂವಿನ ಪಕ್ಕ ನಿಂತು ನಾಲ್ಕು ಫೋಟೋ ತೆಗೆದುಕೊಂಡು, ಅರ್ಧ ಗಂಟೆಯಲ್ಲಿ ವಾಪಸ್ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಗಿಡದ ಹತ್ತಿರ ಹೋಗಿ ಮೊದಲು ನೆಲ ನೋಡಿ. ಎಸಳುಗಳು ಬಿಡಿಬಿಡಿಯಾಗಿ ಉದುರಿ ಚೆಲ್ಲಿದ್ದರೆ ಅದು ಹೆಚ್ಚಾಗಿ ಸಸಾಂಕ್ವಾ ಎಂಬ ಕ್ಯಾಮೆಲಿಯಾ ಜಾತಿ. ಇಡೀ ಹೂವು ಯಾರೋ ತಂದು ಇಟ್ಟ ಹಾಗೆ ನೆಲದ ಮೇಲೆ ಕೂತಿದ್ದರೆ ಅದು ಜಪೋನಿಕಾ ಎಂಬ ಇನ್ನೊಂದು ಜಾತಿ. ಇಷ್ಟು ಗೊತ್ತಾದರೆ ಅರ್ಧ ತೋಟ ಅರ್ಥವಾದ ಹಾಗೆ.

ಸಸಾಂಕ್ವಾ ಬೇಗ ಅರಳುತ್ತದೆ, ಶರತ್ಕಾಲದಿಂದ ಡಿಸೆಂಬರ್‌ವರೆಗೆ. ಎಲೆ ಚಿಕ್ಕದು, ಹೂವೂ ಸ್ವಲ್ಪ ಚಿಕ್ಕದು, ಬಗ್ಗಿ ಮೂಸಿದರೆ ಕೆಲವಕ್ಕೆ ತೆಳುವಾದ ವಾಸನೆ ಇರುತ್ತದೆ. ನವೆಂಬರ್‌ನಲ್ಲಿ ಹೋಗಿ ಅಂದಿದ್ದು ಇದಕ್ಕೇ. ಜಪೋನಿಕಾ ಚಳಿಗಾಲದ ನಡುವೆ ತುಂಬಿಕೊಳ್ಳುತ್ತದೆ. ಅದರಲ್ಲಿ ಹೂವಿನ ಆಕಾರಗಳೇ ಬೇಕಾದಷ್ಟು: ಐದಾರು ಎಸಳು, ನಡುವೆ ಹಳದಿ ಕೇಸರದ ಗೊಂಚಲು ಇರುವ ಸರಳ ಹೂವಿನಿಂದ ಹಿಡಿದು, ಕೇಸರವೇ ಕಾಣದಂತೆ ಎಸಳ ಮೇಲೆ ಎಸಳು ಅಳತೆ ಹಿಡಿದು ಜೋಡಿಸಿದಂಥ ಹೂವಿನವರೆಗೆ. ಜನ ಜಾಸ್ತಿ ನಿಲ್ಲುವುದು ಈ ಎರಡನೆಯದರ ಮುಂದೆ. ನನಗೆ ಮಾತ್ರ ಸರಳ ಹೂವೇ ಇಷ್ಟ, ಜೇನುಹುಳು ಬಂದು ಕೂರುವುದೂ ಅದರಲ್ಲೇ.

ಮೂರನೆಯದು ರೆಟಿಕ್ಯುಲಾಟಾ, ಚೀನಾದ ಯುನ್ನಾನ್ ಕಡೆಯದು. ಎಲೆಯ ಮೇಲೆ ನರಗಳು ಬಲೆಯ ಹಾಗೆ ಎದ್ದು ಕಾಣುತ್ತವೆ. ಹೂವು ಊಟದ ತಟ್ಟೆಯ ಹತ್ತಿರಕ್ಕೆ ಬರುವಷ್ಟು ದೊಡ್ಡದು, 15 ಸೆಂಟಿಮೀಟರ್ ದಾಟಿದ್ದೂ ಸಿಗುತ್ತದೆ. ಫೆಬ್ರವರಿ, ಮಾರ್ಚ್ ಇದರ ಕಾಲ. ಅಂದ ಹಾಗೆ ನಾವು ಕುಡಿಯುವ ಚಹಾ ಕೂಡ ಒಂದು ಕ್ಯಾಮೆಲಿಯಾ ಗಿಡದ್ದೇ ಎಲೆ. ಚಹಾ ಗಿಡದ ಹತ್ತಿರ ನಿಂತು ನೋಡಿದವರಿಗೆ ಆ ಗಟ್ಟಿ ಹೊಳೆಯುವ ಎಲೆ ತಕ್ಷಣ ಗುರುತು ಸಿಗುತ್ತದೆ.

ಈಗ ತಲೆ ಎತ್ತಿ ಮರಗಳನ್ನು ನೋಡಿ. ಇಲ್ಲಿನ ಕ್ಯಾಮೆಲಿಯಾ ಬೆಳೆದಿರುವುದು ಹಳೆಯ ಓಕ್ ಮರಗಳ ಕೆಳಗೆ. ಆ ಓಕ್ ವರ್ಷವಿಡೀ ಹಸಿರಾಗಿರುವ ಜಾತಿ. ಬೇಸಿಗೆಯ ಸುಡುಬಿಸಿಲಿಗೆ ಅದರ ನೆರಳೇ ಕ್ಯಾಮೆಲಿಯಾಕ್ಕೆ ಛತ್ರಿ, ಉದುರಿದ ಎಲೆಯೇ ಬುಡಕ್ಕೆ ಹೊದಿಕೆ. ಕ್ಯಾಮೆಲಿಯಾ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಅದಕ್ಕೇ ದಯವಿಟ್ಟು ದಾರಿ ಬಿಟ್ಟು ಗಿಡದ ಬುಡಕ್ಕೆ ಕಾಲಿಡಬೇಡಿ, ಫೋಟೋ ಎಷ್ಟೇ ಚೆನ್ನಾಗಿ ಬರುವ ಹಾಗಿದ್ದರೂ.

ಈ ಗಿಡಗಳು ಇಲ್ಲಿಗೆ ಹೇಗೆ ಬಂದವು ಅನ್ನುವುದನ್ನು ತಿಳಿದುಕೊಂಡೇ ಹೋಗಿ. ಈ ಜಾಗವನ್ನು 1937ರಲ್ಲಿ ಕೊಂಡವರು ಮ್ಯಾಂಚೆಸ್ಟರ್ ಬಾಡಿ, ಲಾಸ್ ಏಂಜಲಿಸ್‌ನ ಡೈಲಿ ನ್ಯೂಸ್ ಪತ್ರಿಕೆ ನಡೆಸುತ್ತಿದ್ದವರು. ಡೆಸ್ಕಾನ್ಸೋ ಅಂದರೆ ಸ್ಪ್ಯಾನಿಷ್‌ನಲ್ಲಿ ವಿಶ್ರಾಂತಿ. ಅವರು ಕ್ಯಾಮೆಲಿಯಾ ಬೆಳೆದು ಹೂವಿನ ವ್ಯಾಪಾರವನ್ನೂ ಮಾಡುತ್ತಿದ್ದರು. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರವರಿ 19ರಂದು, ಅಂದರೆ ಸರಿಯಾಗಿ ಕ್ಯಾಮೆಲಿಯಾ ಅರಳುವ ದಿನಗಳಲ್ಲೇ, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದಿಂದ ಪಶ್ಚಿಮ ಕರಾವಳಿಯ 1 ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಕಳಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಹೀಗೆ ಹೋಗಬೇಕಾಗಿ ಬಂದ ಉಯೆಮಾತ್ಸು ಮತ್ತು ಯೋಷಿಮುರಾ ಕುಟುಂಬಗಳು ವರ್ಷಗಟ್ಟಲೆ ನರ್ಸರಿ ನಡೆಸಿ ಬೆಳೆಸಿದ್ದ ಕ್ಯಾಮೆಲಿಯಾಗಳನ್ನು ಬಾಡಿ ಅವರಿಗೆ ಮಾರಿದ್ದು ಆ ವರ್ಷ. ಉಯೆಮಾತ್ಸು ಕುಟುಂಬ ಹೋಗಿದ್ದು ಮಂಜನಾರ್ ಶಿಬಿರಕ್ಕೆ. ಗಿಡ ಬೆಳೆಸುವವರಿಗೆ ಇದು ಎಂಥ ನೋವು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. 1953ರಲ್ಲಿ ತೋಟ ಲಾಸ್ ಏಂಜಲಿಸ್ ಕೌಂಟಿಯ ಕೈಗೆ ಬಂತು. ದಾರಿಯಲ್ಲಿ ನಿಮಗಿಂತ ಎತ್ತರದ, ದಪ್ಪ ಕಾಂಡದ ಹಳೆಯ ಗಿಡ ಸಿಕ್ಕಿದಾಗ ಸ್ವಲ್ಪ ಹೊತ್ತು ನಿಲ್ಲಿ.

ದಿನ ಆರಿಸುವಾಗ ಹವಾಮಾನ ನೋಡಿ. ಜೋರು ಮಳೆಯಾದ ಮರುದಿನ ಬಿಳಿ ಮತ್ತು ತೆಳು ಗುಲಾಬಿ ಹೂಗಳ ಮೇಲೆ ಕಂದು ಕಲೆ ಬಿದ್ದಿರುತ್ತವೆ. ಒಳನಾಡಿನ ಮರುಭೂಮಿ ಕಡೆಯಿಂದ ಬರುವ ಒಣ ಸಾಂತಾ ಆನಾ ಗಾಳಿ ಬೀಸಿದರೂ ಎಸಳಿನ ಅಂಚು ಸುಟ್ಟಂತಾಗುತ್ತದೆ. ಮಳೆ ನಿಂತು ನಾಲ್ಕೈದು ದಿನ ಕಳೆದ ಮೇಲೆ ಹೋದರೆ ಹೊಸ ಮೊಗ್ಗು ಬಿರಿದಿರುತ್ತವೆ. ಬೆಳಗ್ಗೆಯೇ ಹೋಗಿ, ಮೋಡ ಇದ್ದರೆ ಇನ್ನೂ ಒಳ್ಳೆಯದು, ಬಣ್ಣ ಸರಿಯಾಗಿ ಕಾಣುತ್ತದೆ. ಫೋಟೋ ತೆಗೆಯುವಾಗ ಮೊದಲು ಹೆಸರಿನ ಫಲಕ, ಆಮೇಲೆ ಹೂವು. ಈ ಕ್ರಮ ತಪ್ಪಿದರೆ ಮನೆಗೆ ಬಂದ ಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಬಿದ್ದ ಹೂವನ್ನು ಸುಮ್ನೆ ಒಂದು ಅಂತ ಜೇಬಿಗೆ ಹಾಕಿಕೊಳ್ಳಬೇಡಿ. ಕ್ಯಾಮೆಲಿಯಾಕ್ಕೆ ಎಸಳು ಕೊಳೆಯುವ ಒಂದು ಶಿಲೀಂಧ್ರ ರೋಗ ಇದೆ. ಅದು ಬಿದ್ದ ಹೂವಿನಲ್ಲಿ ಉಳಿದು, ಮಣ್ಣು ಸೇರಿ, ಮುಂದಿನ ಚಳಿಗಾಲಕ್ಕೆ ಮತ್ತೆ ಏಳುತ್ತದೆ. ನಿಮ್ಮ ಮನೆಯಲ್ಲಿ ಕ್ಯಾಮೆಲಿಯಾ ಇದ್ದರೆ ಬಿದ್ದ ಹೂವನ್ನು ಆಗಾಗ ಆಯ್ದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ.

ನೋಡಿ ಬಂದ ಮೇಲೆ ಒಂದು ಗಿಡ ಬೇಕು ಅನ್ನಿಸಿದರೆ, ಹೂವು ಬಿಟ್ಟಿರುವಾಗಲೇ ನರ್ಸರಿಗೆ ಹೋಗಿ, ಬಣ್ಣ ಕಣ್ಣಾರೆ ನೋಡಿ ತನ್ನಿ. ನೆಡುವುದಕ್ಕೂ ಇದೇ ಕಾಲ ಸರಿ. ಹುಳಿ ಮಣ್ಣು, ಮಧ್ಯಾಹ್ನದ ನೆರಳು, ನೀರು ನಿಲ್ಲದ ಜಾಗ ಬೇಕು. ಬೇರಿನ ಮುದ್ದೆಯ ಮೇಲ್ಭಾಗ ನೆಲಕ್ಕಿಂತ ಒಂದು ಬೆರಳು ಮೇಲೇ ಇರಲಿ. ಆಳಕ್ಕೆ ಹೂತರೆ ಗಿಡ ಸೊರಗುತ್ತದೆ. ಮುಂದಿನ ವರ್ಷದ ಮೊಗ್ಗು ಕಟ್ಟುವುದು ಬೇಸಿಗೆಯಲ್ಲಿ, ಹಾಗಾಗಿ ಆಗ ನೀರು ತಪ್ಪಿಸಬೇಡಿ.