ದೋಸೆ ಹಿಟ್ಟಿನ ಕಂಪನಿಯನ್ನು ಎಸ್ ಕಾರ್ಪೊರೇಷನ್ ಮಾಡಿಕೊಂಡ ಬಗೆ

ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನಾನೂ ಧಾರವಾಡದ ನನ್ನ ಗೆಳತಿಯೂ ಸೇರಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಇಂಡಿಯನ್ ಅಂಗಡಿಗಳಿಗೆ ಕೊಡುತ್ತೇವೆ. ಷೇರು ನನ್ನದು 60, ಅವಳದು 40. ಕಂಪನಿಗೆ ಅಮೆರಿಕದ ತೆರಿಗೆ ಕಾನೂನಿನ ಎಸ್ ಕಾರ್ಪೊರೇಷನ್ ರೂಪವೇ ಸರಿ ಎಂದು ಮೊದಲೇ ತೀರ್ಮಾನಿಸಿದ್ದೆವು. ಇಲ್ಲಿ ಸಣ್ಣ ವ್ಯಾಪಾರಕ್ಕೆ ಇಳಿಯುವ ನಮ್ಮವರು ಈ ಬಗ್ಗೆ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಾಮಾನ್ಯ ಕಾರ್ಪೊರೇಷನ್ ಆದರೆ ಲಾಭದ ಮೇಲೆ ಕಂಪನಿ 21% ಫೆಡರಲ್ ತೆರಿಗೆ ಕಟ್ಟಬೇಕು; ಉಳಿದದ್ದನ್ನು ಡಿವಿಡೆಂಡ್ ಆಗಿ ತೆಗೆದುಕೊಂಡರೆ ನಾವು ಮತ್ತೊಮ್ಮೆ ಕಟ್ಟಬೇಕು. ಈ ಎರಡು ಸಲದ ಹೊರೆ ಸಣ್ಣವರ ಮೇಲೆ ಬೀಳದಿರಲಿ ಎಂದು 1958ರಲ್ಲಿ, ಐಸೆನ್‌ಹೋವರ್ ಕಾಲದಲ್ಲಿ, ಎಸ್ ವ್ಯವಸ್ಥೆ ಬಂತು. ಇದರಲ್ಲಿ ಕಂಪನಿ ಸಾಮಾನ್ಯವಾಗಿ ಫೆಡರಲ್ ಆದಾಯ ತೆರಿಗೆ ಕಟ್ಟುವುದಿಲ್ಲ. ಲಾಭ-ನಷ್ಟ ಷೇರಿನ ಪ್ರಮಾಣದಲ್ಲಿ ನಮ್ಮ ನಮ್ಮ ರಿಟರ್ನ್‌ಗೆ ಬರುತ್ತದೆ. ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿಯಿರುವ ಇನ್ನೊಂದು ಬಗೆಯ ಕಂಪನಿ) ಮಾಡಿ ಅದಕ್ಕೆ ಎಸ್ ಆಯ್ಕೆ ಕೇಳುವವರೂ ಬಹಳ. ನಾವು ಆ ದಾರಿ ಬಿಟ್ಟೆವು. ಎಲ್‌ಎಲ್‌ಸಿಯ ಸಿದ್ಧ ಒಪ್ಪಂದಗಳಲ್ಲಿ ಪಾರ್ಟ್‌ನರ್‌ಶಿಪ್‌ಗೆ ಬರೆದ ಷರತ್ತುಗಳು ಉಳಿದಿರುತ್ತವೆ, ಲಾಭ ಹಂಚಿಕೆಯಲ್ಲಿ ಪ್ರತಿ ಷೇರಿಗೂ ಒಂದೇ ಹಕ್ಕು ಎಂಬ ಎಸ್ ನಿಯಮಕ್ಕೆ ಅವು ತೊಡರುತ್ತವೆ.

ನೋಂದಣಿ ಸುಲಭ. ಟೆಕ್ಸಾಸ್ ಸೆಕ್ರೆಟರಿ ಆಫ್ ಸ್ಟೇಟ್‌ಗೆ ಫಾರ್ಮ್ 201, ಶುಲ್ಕ 300 ಡಾಲರ್. ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಜಾಲತಾಣದಲ್ಲಿ ಇಐಎನ್, ಅಂದರೆ ಕಂಪನಿಯ ತೆರಿಗೆ ಗುರುತಿನ ಸಂಖ್ಯೆ, ಪುಕ್ಕಟೆ. ಆಮೇಲೆ ಬ್ಯಾಂಕ್ ಖಾತೆ.

ಅಸಲು ಕಾಗದ ಎಸ್ ಆಯ್ಕೆ ಕೇಳುವ ಫಾರ್ಮ್ 2553. ಯಾವ ವರ್ಷದಿಂದ ಎಸ್ ಬೇಕೋ ಆ ತೆರಿಗೆ ವರ್ಷ ಶುರುವಾಗಿ 2 ತಿಂಗಳು 15 ದಿನದೊಳಗೆ ಅದು ಹೋಗಬೇಕು. ಹೊಸ ಕಂಪನಿಗೆ ಈ ಗಡಿಯಾರ ಓಡಲು ಶುರುವಾಗುವುದು ಷೇರುದಾರರು ಬಂದಾಗ, ಆಸ್ತಿ ಬಂದಾಗ ಅಥವಾ ವ್ಯಾಪಾರ ಶುರುವಾದಾಗ, ಇವುಗಳಲ್ಲಿ ಯಾವುದು ಮೊದಲೋ ಆಗ. ಹಾಗಾಗಿ ಗ್ರೈಂಡರ್ ಕೊಳ್ಳುವ ಮುಂಚೆಯೇ ಫಾರ್ಮ್ ತುಂಬಿ ಇಟ್ಟಿದ್ದೆವು. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ: ಟೆಕ್ಸಾಸ್‌ನಲ್ಲಿ ಮದುವೆಯಾದ ಮೇಲೆ ಗಳಿಸಿದ್ದು ಗಂಡ-ಹೆಂಡತಿ ಇಬ್ಬರ ಆಸ್ತಿ. ಷೇರು ನನ್ನ ಹೆಸರಲ್ಲೇ ಇದ್ದರೂ ಒಪ್ಪಿಗೆಯ ಕಾಲಮ್ಮಿನಲ್ಲಿ ನನ್ನ ಗಂಡನ ಸಹಿಯೂ ಬೇಕು, ಗೆಳತಿಯ ಗಂಡನ ಸಹಿಯೂ ಬೇಕು. ನಾಲ್ಕು ಸಹಿ ಹಾಕಿಸಿ ಫ್ಯಾಕ್ಸ್ ಮಾಡಿ, ಫ್ಯಾಕ್ಸ್ ಹೋದ ರಸೀದಿಯನ್ನು ಫೈಲಿಗೆ ಸೇರಿಸಿದೆವು. ಒಪ್ಪಿಗೆಯಾದರೆ ಸಿಪಿ 261 ಎಂಬ ಪತ್ರ ಬರುತ್ತದೆ. ಅದನ್ನು ಜೋಪಾನವಾಗಿಡಿ, ಮುಂದೆ ಸಿಪಿಎ (ತೆರಿಗೆ ಲೆಕ್ಕ ನೋಡುವ ಅಕೌಂಟೆಂಟ್) ಬದಲಾದಾಗ ಮೊದಲು ಕೇಳುವುದೇ ಅದನ್ನು.

ಮೈಸೂರಿನಲ್ಲಿರುವ ನನ್ನ ಅಣ್ಣ ಬಂಡವಾಳ ಹಾಕಲು ಸಿದ್ಧನಿದ್ದ. ಆದರೆ ಎಸ್ ಕಾರ್ಪೊರೇಷನ್‌ನಲ್ಲಿ 100ಕ್ಕಿಂತ ಹೆಚ್ಚು ಷೇರುದಾರರು ಇರುವಂತಿಲ್ಲ, ಬೇರೆ ಕಂಪನಿ ಷೇರುದಾರ ಆಗುವಂತಿಲ್ಲ, ಅಮೆರಿಕದ ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದ ವಿದೇಶಿಯರಂತೂ ಖಂಡಿತ ಆಗುವಂತಿಲ್ಲ. ಒಂದೇ ಒಂದು ಷೇರು ಅವನ ಹೆಸರಿಗೆ ಹೋದರೂ ಅಂದಿಗೇ ಎಸ್ ಮುಗಿಯಿತು. ವಿಶೇಷ ಅನುಮತಿ ಇಲ್ಲದೆ 5 ವರ್ಷ ಮತ್ತೆ ಕೇಳುವ ಹಾಗಿಲ್ಲ. ಸಾಲವಾಗಿ ಪಡೆಯೋಣವೆಂದರೆ, ಸರಳ ಸಾಲವನ್ನು ಇನ್ನೊಂದು ಬಗೆಯ ಷೇರೆಂದು ಎಣಿಸುವುದಿಲ್ಲ ಎಂದು ಕಾನೂನು ಕೊಟ್ಟಿರುವ ರಕ್ಷಣೆಯೂ ಅನಿವಾಸಿ ಕೊಟ್ಟ ಸಾಲಕ್ಕಿಲ್ಲ. ಅವನಿಗೆ ಇದನ್ನೆಲ್ಲ ಬಿಡಿಸಿ ಹೇಳಿ, ನಮ್ಮ ಉಳಿತಾಯ ಮತ್ತು ಬ್ಯಾಂಕ್ ಸಾಲದಲ್ಲೇ ಚಿಕ್ಕದಾಗಿ ಶುರು ಮಾಡಿದೆವು. ಎಚ್-1ಬಿಯಲ್ಲಿರುವವರು ತೆರಿಗೆ ಲೆಕ್ಕದಲ್ಲಿ ನಿವಾಸಿಗಳಾಗಿದ್ದರೆ ಷೇರು ಇಟ್ಟುಕೊಳ್ಳಬಹುದು. ಆದರೆ ಆ ಕಂಪನಿಯಲ್ಲಿ ದುಡಿಯಬಹುದೇ ಅನ್ನುವುದು ವೀಸಾದ ಪ್ರಶ್ನೆ, ಅದನ್ನು ಇಮಿಗ್ರೇಷನ್ ವಕೀಲರಲ್ಲೇ ಕೇಳಬೇಕು.

ಇನ್ನು ಸಂಬಳ. ಎಸ್‌ನ ಆಕರ್ಷಣೆಯೆಲ್ಲ ಇಲ್ಲಿದೆ, ಅಪಾಯವೂ ಇಲ್ಲಿದೆ. ಮಾಲೀಕರು ಒಬ್ಬರೇ, ವರ್ಷದ ಲಾಭ 1,20,000 ಡಾಲರ್ ಎಂದಿಟ್ಟುಕೊಳ್ಳಿ. ಯಾವ ಕಂಪನಿಯೂ ಇಲ್ಲದೆ ಸ್ವಂತ ಹೆಸರಿನಲ್ಲಿ ದುಡಿದರೆ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎರಡೂ ಸೇರಿ ಸುಮಾರು 17,000 ಡಾಲರ್ ಹೋಗುತ್ತದೆ. ಎಸ್‌ನಲ್ಲಿ 60,000 ಸಂಬಳ ತೆಗೆದುಕೊಂಡರೆ ಅದರ 15.3%, ಅಂದರೆ 9,180. ಮಿಕ್ಕದ್ದು ಡಿಸ್ಟ್ರಿಬ್ಯೂಷನ್, ಅಂದರೆ ಮಾಲೀಕರಿಗೆ ಹಂಚುವ ಲಾಭ, ಅದಕ್ಕೆ ಈ ತೆರಿಗೆ ಇಲ್ಲ. ಹಾಗಾದರೆ ಸಂಬಳ ಇನ್ನೂ ಇಳಿಸಬಹುದಲ್ಲ ಎಂದು ಕೇಳುವವರಿಗೆ ನಾನು ವಾಟ್ಸನ್ ಪ್ರಕರಣ ಹೇಳುತ್ತೇನೆ. ಅಯೋವಾದ ಅಕೌಂಟೆಂಟ್ ಡೇವಿಡ್ ವಾಟ್ಸನ್ 2002ರಲ್ಲಿ ಪಡೆದ ಸಂಬಳ 24,000 ಡಾಲರ್, ಡಿಸ್ಟ್ರಿಬ್ಯೂಷನ್ 2 ಲಕ್ಷಕ್ಕೂ ಮೇಲೆ. ಅವರ ಕೆಲಸಕ್ಕೆ 91,044 ಡಾಲರ್ ನ್ಯಾಯವಾದ ಸಂಬಳ ಎಂಬ ತೀರ್ಪನ್ನು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ನಾವಿಬ್ಬರೂ ಡಲ್ಲಾಸ್ ಪ್ರದೇಶದಲ್ಲಿ ಆಹಾರ ಉತ್ಪಾದನೆಯ ಮೇಲ್ವಿಚಾರಕರಿಗೆ ಎಷ್ಟು ಸಂಬಳವಿದೆ ಎಂಬ ಸರ್ಕಾರಿ ಕಾರ್ಮಿಕ ಅಂಕಿಅಂಶ ಇಲಾಖೆಯ ಪಟ್ಟಿ ತೆಗೆದು, ನಮ್ಮ ಗಂಟೆಗಳಿಗೆ ಹೊಂದಿಸಿ ಸಂಬಳ ಗೊತ್ತುಮಾಡಿದೆವು. ಆ ಪಟ್ಟಿಯ ಪ್ರತಿ, ನಮ್ಮ ನಿರ್ಣಯದ ಹಾಳೆ ಎರಡೂ ಪ್ರತಿವರ್ಷ ಫೈಲಿನಲ್ಲಿರುತ್ತವೆ. ಪೇರೋಲ್ ಎಂದ ಮೇಲೆ ಮೂರು ತಿಂಗಳಿಗೊಮ್ಮೆ ಸಂಬಳದ ತೆರಿಗೆ ಲೆಕ್ಕ ಕೊಡುವ ಫಾರ್ಮ್ 941, ಜನವರಿ 31ರೊಳಗೆ ವರ್ಷದ ಸಂಬಳದ ವಿವರ ಕೊಡುವ ಡಬ್ಲ್ಯೂ-2 ತಪ್ಪಿದ್ದಲ್ಲ. ಪೇರೋಲ್ ಸೇವೆಗೂ ಸಿಪಿಎಗೂ ಖರ್ಚಿದೆ, ಆದ್ದರಿಂದ ಲಾಭ ಕಡಿಮೆ ಇದ್ದರೆ ಎಸ್‌ಗೆ ಅವಸರ ಬೇಡ.

ಮಾರ್ಚ್ 15ಕ್ಕೆ ಕಂಪನಿಯ ರಿಟರ್ನ್ ಆದ ಫಾರ್ಮ್ 1120-ಎಸ್ ಸಲ್ಲಿಸಿ, ಇಬ್ಬರಿಗೂ ಅವರವರ ಪಾಲಿನ ಲಾಭ-ನಷ್ಟ ತೋರಿಸುವ ಕೆ-1 ಕೊಡಬೇಕು. ಕೆ-1ನಲ್ಲಿ ಬಂದ ಲಾಭಕ್ಕೆ ತೆರಿಗೆ ಕಟ್ಟಲೇಬೇಕು, ಆ ದುಡ್ಡು ಕೈಗೆ ಬಂದಿರಲಿ ಬಿಡಲಿ. ಕೋಲ್ಡ್ ರೂಮ್ ಸಾಲದ ಅಸಲು ತೀರಿಸುವುದಕ್ಕೇ ನಮ್ಮ ಲಾಭದ ದೊಡ್ಡ ಪಾಲು ಹೋಗುತ್ತಿತ್ತು, ಅಸಲು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಾಗಿಯೇ ತೆರಿಗೆ ಕಟ್ಟಲು ಬೇಕಾದಷ್ಟನ್ನಾದರೂ ಕಂಪನಿ ಹಂಚಲೇಬೇಕು ಎಂದು ಷೇರುದಾರರ ಒಪ್ಪಂದದಲ್ಲಿ ಬರೆಸಿದ್ದೇವೆ. ಹಂಚುವಾಗ 60:40 ಒಂದಿಷ್ಟೂ ಕದಲಬಾರದು. ಮಗಳ ಕಾಲೇಜು ಫೀಸಿಗೆ ಗೆಳತಿಗೆ 8,000 ಡಾಲರ್ ಬೇಕಾದಾಗ ಅದೇ ದಿನ ನನ್ನ ಖಾತೆಗೂ 12,000 ಹೋಯಿತು. ಕಂಪನಿಯ ಕೈ ಆ ತಿಂಗಳು ಬಿಗಿಯಾಯಿತು, ಆದರೂ ಅವಳೊಬ್ಬಳಿಗೇ ಕೊಡುವ ಮಾತು ನಾವು ಆಡಲಿಲ್ಲ.

ಟೆಕ್ಸಾಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲದ್ದರಿಂದ ರಾಜ್ಯದ ಕಡೆ ಕೆಲಸ ಕಡಿಮೆ, ಮೇ 15ರ ವಾರ್ಷಿಕ ವರದಿಯನ್ನು ಮಾತ್ರ ಮರೆಯಬಾರದು. ಕ್ಯಾಲಿಫೋರ್ನಿಯಾದಲ್ಲಾದರೆ ಎಸ್ ಕಂಪನಿಯ ಲಾಭಕ್ಕೂ 1.5% ತೆರಿಗೆ ಇದೆ.

ಈಗ ಗೆಳತಿಯ ಮನೆಯಲ್ಲಿ ಊರಿಗೆ ಮರಳುವ ಮಾತು ನಡೆದಿದೆ. ಅಮೆರಿಕದ ಪೌರತ್ವ ಪಡೆದು ಹೋದರೆ ಧಾರವಾಡದಲ್ಲಿ ಕೂತೂ ಷೇರು ಇಟ್ಟುಕೊಳ್ಳಬಹುದು. ಗ್ರೀನ್ ಕಾರ್ಡ್ ಒಪ್ಪಿಸಿ ಹೋಗಿ ಅನಿವಾಸಿಯಾದರೆ ಕಂಪನಿಯ ಎಸ್ ಅಲ್ಲಿಗೇ ಮುಗಿಯುತ್ತದೆ. ಕಾರ್ಡ್ ಒಪ್ಪಿಸುವ ಮುಂಚೆ ಅವಳ 40 ಷೇರನ್ನು ಕಂಪನಿಯೇ ಕೊಳ್ಳಬೇಕೆಂಬ ಷರತ್ತು ಒಪ್ಪಂದದಲ್ಲಿ ಮೊದಲಿನಿಂದಲೂ ಇದೆ. ಅದರ ಬೆಲೆ ಕಟ್ಟುವ ಕ್ರಮವನ್ನು ಈ ವರ್ಷ ವಕೀಲರ ಮುಂದೆ ಕೂತು ಮತ್ತೆ ಬರೆಸುತ್ತಿದ್ದೇವೆ.