ಮೆಣಸಿನಕಾಯಿ ಚೀಲದ ಬೆನ್ನು ಹತ್ತಿ: ಮಕ್ಕಳ ಮುಂದಿನ ದಾರಿ ಹುಡುಕುವುದು ಹೇಗೆ?

ಮದುವೆ ಮನೆಯ ಪಂಕ್ತಿಯಲ್ಲಿ ಎಂಟನೇ ಇಯತ್ತೆಯ ಹುಡುಗ ಪಕ್ಕಕ್ಕೆ ಸಿಕ್ಕರೆ ಸಾಕು, ಯಾರಾದರೊಬ್ಬ ಕಾಕಾ ಕೇಳಿಯೇ ಕೇಳುತ್ತಾರೆ: ‘ಮುಂದ ಏನಾಗಾಂವ ತಮ್ಮಾ?’ ಹುಡುಗ ಹೋಳಿಗೆ ಮುರಿಯುತ್ತಾ ‘ಎಂಜಿನಿಯರ್ ರೀ’ ಅನ್ನುತ್ತಾನೆ. ಕಾಕಾಗೂ ಸಮಾಧಾನ, ಹುಡುಗನಿಗೂ ಬಿಡುಗಡೆ. ಎಂಥ ಎಂಜಿನಿಯರ್, ಅವನು ದಿನವಿಡೀ ಮಾಡುವುದೇನು ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ.

ಹದಿಮೂರರ ಪ್ರಾಯಕ್ಕೆ ಮಕ್ಕಳು ಕಣ್ಣಾರೆ ಕಂಡ ಕೆಲಸಗಳಾದರೂ ಎಷ್ಟು? ಮಾಸ್ತರರು, ಡಾಕ್ಟರು, ಕಂಡಕ್ಟರು, ಪೊಲೀಸರು, ಕಿರಾಣಿ ಅಂಗಡಿ ಸಾಹುಕಾರರು. ಇಷ್ಟರಲ್ಲೇ ಒಂದನ್ನು ಆರಿಸು ಅಂದರೆ ಏನು ಆರಿಸಿಯಾರು? ಎಂಟು, ಒಂಬತ್ತನೇ ತರಗತಿಯಲ್ಲಿ ಆಯ್ಕೆಯ ಮಾತೇ ಬೇಡ. ಮೊದಲು ಕೆಲಸಗಳನ್ನು ತೋರಿಸಿ.

ಒಂದು ವಸ್ತು ಹಿಡಿಯಿರಿ

ನೂರು ಹಾಳೆಯ ನೋಟ್‌ಬುಕ್ ಕೊಡಿಸಿ. ನಿಮ್ಮ ಭಾಗದ ಒಂದು ವಸ್ತು ಆರಿಸಿ, ಅದು ಯಾರ‍್ಯಾರ ಕೈ ದಾಟಿ ಹೋಗುತ್ತದೆ ಅಂತ ಬರೆಯಲು ಹೇಳಿ. ಹಾವೇರಿ ಜಿಲ್ಲೆಯವರಿಗೆ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯದು ಯಾವುದಿದೆ?

ಬೆಳೆದವರು ರೈತರು. ಬೀಜ, ರೋಗ, ಔಷಧಿ ಅಂತ ಸಲಹೆ ಕೊಟ್ಟವರು ಕೃಷಿ ಓದಿದವರು. ಮಾರುಕಟ್ಟೆಗೆ ಬಂದ ಚೀಲ ಹೊತ್ತವರು ಹಮಾಲರು, ಮಾರಾಟಕ್ಕೆ ಹಚ್ಚಿದವರು ದಲಾಲರು. ಗಿಡ್ಡ ದಪ್ಪನೆಯ ಡಬ್ಬಿಯೋ, ಉದ್ದ ತೆಳ್ಳನೆಯ ಕಡ್ಡಿಯೋ ಅಂತ ನೋಡಿ ತರ ಬೇರ್ಪಡಿಸಿದವರು, ತೊಟ್ಟು ಬಿಡಿಸಿದ ಹೆಣ್ಣುಮಕ್ಕಳು. ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಮೇಲೆ ಅದರ ಯಂತ್ರ ನೋಡಿಕೊಳ್ಳಲು ಐಟಿಐ ಮುಗಿಸಿದವರು ಬೇಕು, ಲೆಕ್ಕ ಬರೆಯಲು ಬಿ.ಕಾಂ. ಆದವರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೊರೆಸಿನ್ ಅನ್ನುವ ದಟ್ಟ ಸಾರ ತೆಗೆಯುವ ಕಾರ್ಖಾನೆಗಳಿವೆ. ಅಲ್ಲಿ ಬೆಳಕು ಹಾಯಿಸಿ ಬಣ್ಣವನ್ನು ‘ಆಸ್ಟಾ’ ಅನ್ನುವ ಅಳತೆಯಲ್ಲಿ ಅಳೆಯುವವರು ರಸಾಯನಶಾಸ್ತ್ರ ಓದಿದವರು. ಹೊರದೇಶಕ್ಕೆ ಕಳಿಸುವವರಿಗೆ ಕಾಗದಪತ್ರದ ವ್ಯವಹಾರ ಗೊತ್ತಿರಬೇಕು. ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ (ಇದು ಈ ಭಾಗದ್ದೇ ಅನ್ನುವ ಗುರುತಿನ) ಮಾನ್ಯತೆ ಸಿಕ್ಕಿತಲ್ಲ, ಅದು ಕಾನೂನಿನ ಕೆಲಸ.

ಒಂದೇ ಚೀಲದಿಂದ ಹತ್ತು ಹನ್ನೆರಡು ಕಸುಬು ಹೊರಬಿದ್ದವು. ಗದಗದವರು ಪ್ರಿಂಟಿಂಗ್ ಪ್ರೆಸ್ಸಿನಿಂದ ಹೊರಟ ಒಂದು ಪುಸ್ತಕವನ್ನೋ ಬೆಟಗೇರಿ ಮಗ್ಗದ ಸೀರೆಯನ್ನೋ ಹಿಡಿಯಬಹುದು. ಹುಬ್ಬಳ್ಳಿಯ ಮಕ್ಕಳಿಗೆ ಗೋಕುಲ ರಸ್ತೆಯ ಕಾರ್ಖಾನೆಗಳ ವಾಲ್ವ್ ಇದೆ, ರೈಲ್ವೆ ವರ್ಕ್‌ಶಾಪಿನ ಬೋಗಿ ಇದೆ, ಬೆಂಗೇರಿಯಲ್ಲಿ ಹೊಲಿಯುವ ಖಾದಿಯ ರಾಷ್ಟ್ರಧ್ವಜವಿದೆ.

ಅರ್ಧ ದಿನ ನಿಂತು ನೋಡಿ

ಪಟ್ಟಿಯಲ್ಲಿ ಮಗುವಿಗೆ ಇಷ್ಟವಾದ ಎರಡು ಮೂರು ಕೆಲಸಗಳಿಗೆ ಗುರುತು ಹಾಕಿ. ದಸರಾ ರಜೆಯಲ್ಲಿ ಬಳಗದವರ ಮೂಲಕ ಹೇಳಿಸಿ, ಅಂಥ ಒಂದೊಂದು ಜಾಗದಲ್ಲಿ ಅರ್ಧ ದಿನ ನಿಲ್ಲಿಸಿ. ನಮ್ಮ ಕಡೆ ‘ಹುಡುಗ ನೋಡಬೇಕಂತಾನ್ರೀ’ ಅಂದರೆ ಬೇಡ ಅನ್ನುವವರು ಕಡಿಮೆ, ಮೇಲೆ ಚಹಾನೂ ಕುಡಿಸಿ ಕಳಿಸುತ್ತಾರೆ. ಸೆಪ್ಟೆಂಬರ್ ಸುಮಾರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಮಿರ್ಚಿ ಭಜಿ ತಿಂದು ತಿರುಗಿ ಬರುವ ಬದಲು ಪ್ರಯೋಗದ ತಾಕುಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ.

ಕೇಳಬೇಕಾದ ಪ್ರಶ್ನೆಗಳು ಬಹಳ ಇಲ್ಲ. ಈ ಕೆಲಸಕ್ಕೆ ಹೇಗೆ ಬಂದಿರಿ? ಮೊದಲ ಪಗಾರ ಎಷ್ಟಿತ್ತು? ಇದರಲ್ಲಿ ಬ್ಯಾಸರದ ಭಾಗ ಯಾವುದು? ಮೂರನೆಯದನ್ನು ಮರೆಯದೆ ಕೇಳಬೇಕು. ನನ್ನ ತಂಗಿಯ ಮಗಳಿಗೆ ದನಕರುವಿನ ಮೇಲೆ ಜೀವ. ಪಶು ಆಸ್ಪತ್ರೆಯಲ್ಲಿ ಒಂದು ಮುಂಜಾನೆ ನಿಂತು ಬಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು: ‘ಸಗಣಿ ವಾಸನೆ ನಡೀತೈತಿ. ರಕ್ತ ನಡೀತೈತಿ. ರಜಿಸ್ಟರ್ ತುಂಬೂದು ಬ್ಯಾಸರ.’ ಇಂಥ ಮೂರು ಸಾಲು ಯಾವ ಅಭಿರುಚಿ ಪರೀಕ್ಷೆಯಿಂದಲೂ ಬರಲಾರವು.

ಯಾವ ಬಾಗಿಲು, ಎಲ್ಲಿಗೆ?

ಹತ್ತನೇ ತರಗತಿಗೆ ಬಂದ ಮೇಲೆ ದಾರಿಯ ನಕ್ಷೆ ಬರೆಯಿರಿ. ಎಸ್ಸೆಸ್ಸೆಲ್ಸಿ ಆದವರಿಗೆ ಮುಖ್ಯವಾಗಿ ಮೂರು ಬಾಗಿಲು: ಪಿಯುಸಿ, ಮೂರು ವರ್ಷದ ಡಿಪ್ಲೊಮಾ, ಐಟಿಐ.

ಪಿಯುಸಿ ಸಾಯನ್ಸಿಗೆ ಹಚ್ಚುವ ಮುಂಚೆ ವಿಷಯಗಳ ಗುಂಪು ನೋಡಿ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯದ ಬಾಗಿಲು ಬಹುಮಟ್ಟಿಗೆ ಮುಚ್ಚಿತು, ಗಣಿತ ಬಿಟ್ಟರೆ ಎಂಜಿನಿಯರಿಂಗಿನದು. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಲೆಕ್ಕಕ್ಕೆ ಬರುವುದರಿಂದ ಕಾಲೇಜು ಪರೀಕ್ಷೆಯನ್ನು ಸಡಿಲ ಬಿಡುವಂತಿಲ್ಲ. ಸಿ.ಎ. ಮಾಡಬೇಕೆಂದರೆ ಕಾಮರ್ಸೇ ಆಗಬೇಕೆಂದಿಲ್ಲ, ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಐದು ವರ್ಷದ ಕಾನೂನು ಪದವಿಗೂ ಹಾಗೆಯೇ, ರಾಜ್ಯ ಕಾನೂನು ವಿಶ್ವವಿದ್ಯಾಲಯವಂತೂ ಇಲ್ಲೇ ಹುಬ್ಬಳ್ಳಿಯ ನವನಗರದಲ್ಲಿದೆ. ಆರ್ಟ್ಸ್ ಅಂದರೆ ಮೂಗು ಮುರಿಯುವವರಿಗೆ ಇದನ್ನು ಹೇಳಬೇಕು.

ನಮ್ಮ ಜನ ಕಡೆಗಣಿಸಿದ್ದು ಡಿಪ್ಲೊಮಾ ಮತ್ತು ಐಟಿಐ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ಸೇರಬಹುದು. ಏಣಿ ಅಲ್ಲೂ ಇದೆ, ನಡುವೆ ಇಳಿದರೂ ಕೈಯಲ್ಲಿ ಒಂದು ಕಸುಬು ಉಳಿಯುತ್ತದೆ. ಹುಬ್ಬಳ್ಳಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ, ಅಂದರೆ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾ ಮಾಡುವವರ ಕೊನೆಯ ವರ್ಷ ಕಾರ್ಖಾನೆಯಲ್ಲೇ ಕಳೆಯುತ್ತದೆ. ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್‌ಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಕೇಳುತ್ತಾರೆ.

ಕಾಗದಪತ್ರ

ಇದನ್ನು ಕೊನೆಗೆ ಬರೆದಿದ್ದರೂ ನೀವು ಮೊದಲೇ ನೋಡಿಕೊಳ್ಳಿ. ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಮೊದಲನೆಯದು, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಎರಡನೆಯದು. ಏಳರವರೆಗೆ ಊರಲ್ಲಿ ಓದಿಸಿ, ‘ಚಲೋ ಸಾಲಿ’ ಅಂತ ಎಂಟಕ್ಕೆ ಧಾರವಾಡದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಿರೋ, ಎರಡೂ ಹೋದವು. ಹಾಕಬೇಡಿ ಅನ್ನುವುದಿಲ್ಲ. ಆದರೆ ಏನನ್ನು ಕೊಟ್ಟು ಏನನ್ನು ತಗೊಳ್ಳುತ್ತಿದ್ದೀರಿ ಅನ್ನುವುದು ಆ ಜೂನ್ ತಿಂಗಳಲ್ಲೇ ಗೊತ್ತಿರಲಿ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಫಲಿತಾಂಶ ಬಂದ ವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಜನವರಿಯಲ್ಲೇ ಮಾಡಿಸಿಡಿ. ಹೆಸರಿನ ಗೋಳು ಇನ್ನೊಂದು. ನಮ್ಮಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಅಡ್ಡಹೆಸರು ಮೊದಲು, ಸಾಲಿ ದಾಖಲೆಯಲ್ಲಿ ಕೊನೆಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ. ವಿದ್ಯಾರ್ಥಿವೇತನ ತಡೆದು ನಿಲ್ಲುವುದು ಇಂಥಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ಹರಸಾಹಸ. ಒಂಬತ್ತನೇ ತರಗತಿ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಸಿ, ಅದಕ್ಕೆ ಮಕ್ಕಳನ್ನು ಕಳಿಸಬೇಡಿ. ಅಪ್ಪನೋ ಅವ್ವನೋ ಖುದ್ದು ಹೋಗಿ, ಹೆಡ್ ಮಾಸ್ತರರ ಎದುರು ಕೂತು, ಆಧಾರ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ ಬನ್ನಿ.